ಕೈತಪ್ಪಿದ ನಡೆ, ಕೈಗೆಟುಕದ ನಡೆ

2014ರ ನವೆಂಬರ್ 15. ರಷ್ಯಾದ ಸೋಚಿಯಲ್ಲಿ ವಿಶ್ವ ಚೆಸ್ ಚಾಂಪಿಯನ್‌ಷಿಪ್‌ನ ಆರನೇ ಆಟ. ಐದು ಆಟ ಮುಗಿದಾಗ ಇಬ್ಬರ ಅಂಕಗಳೂ ಸಮನಾಗಿದ್ದವು. ಬಿಳಿ ಕಾಯಿಗಳಲ್ಲಿ ಆಡುತ್ತಿದ್ದ ಮ್ಯಾಗ್ನಸ್ ಕಾರ್ಲ್‌ಸನ್ 26ನೇ ನಡೆಯಲ್ಲಿ ತಮ್ಮ ರಾಜನನ್ನು ಡಿ2 ಮನೆಗೆ ಸರಿಸಿದರು. ಕಂಪ್ಯೂಟರಿನಲ್ಲಿ ಎಂಜಿನ್, ಅಂದರೆ ಚೆಸ್ ಆಡುವ ತಂತ್ರಾಂಶ, ಹಚ್ಚಿಕೊಂಡು ಆಟ ನೋಡುತ್ತಿದ್ದವರೆಲ್ಲ ಒಮ್ಮೆಗೇ ಎದ್ದು ಕೂತರು. ಕಾರ್ಲ್‌ಸನ್ ದೊಡ್ಡ ತಪ್ಪು ಮಾಡಿದ್ದರು. ಎದುರಿಗಿದ್ದ ವಿಶ್ವನಾಥನ್ ಆನಂದ್ ಅವರ ಮುಂದೆ ಗೆಲುವಿನ ದಾರಿ ತೆರೆದಿತ್ತು.

ಆ ದಾರಿ ಹೀಗಿತ್ತು. ಆನಂದ್ ಅವರ ಜಿ6ರ ಕುದುರೆ ಇ5ರಲ್ಲಿದ್ದ ಬಿಳಿ ಕಾಲಾಳನ್ನು ಹೊಡೆಯಬೇಕು. ಕುದುರೆ ಸರಿದೊಡನೆ ಜಿ ಸಾಲಿನಲ್ಲಿ ಎರಡೂ ಬಣ್ಣದ ಆನೆಗಳು ಮುಖಾಮುಖಿಯಾಗುತ್ತವೆ, ಬಿಳಿ ಆನೆ ಕಪ್ಪು ಆನೆಯನ್ನು ಹೊಡೆಯುತ್ತದೆ. ಹೊಡೆಯಲಿ. ಕುದುರೆ ಸಿ4ರ ಕಾಲಾಳನ್ನು ತಿಂದು ರಾಜನಿಗೆ ಚೆಕ್ ಕೊಡುತ್ತದೆ. ರಾಜ ಸರಿದರೆ ಬಿ2ಕ್ಕೆ ಜಿಗಿದು ಇನ್ನೊಂದು ಚೆಕ್. ಆಮೇಲೆ ನಿಧಾನವಾಗಿ ಬಿಳಿ ಆನೆಯನ್ನು ಹೊಡೆದರೆ ಆನೆಗೆ ಆನೆ ಚುಕ್ತಾ, ಕಪ್ಪಿಗೆ ಎರಡು ಕಾಲಾಳು ಲಾಭ. ಆದರೆ ಆನಂದ್ ಹೆಚ್ಚು ಯೋಚಿಸದೆ ತಮ್ಮ ಎ ಸಾಲಿನ ಕಾಲಾಳನ್ನು ಒಂದು ಮನೆ ಮುಂದೆ ತಳ್ಳಿದರು. ಕಾರ್ಲ್‌ಸನ್ ಮರುನಡೆಯಲ್ಲೇ ರಾಜನನ್ನು ಆ ಜಾಗದಿಂದ ಎಬ್ಬಿಸಿದರು. 38 ನಡೆಗಳಲ್ಲಿ ಆನಂದ್ ಸೋತರು.

ಎಂಜಿನ್ ಒಂದು ಕ್ಷಣದಲ್ಲಿ ಕಂಡದ್ದನ್ನು ಐದು ಬಾರಿಯ ವಿಶ್ವ ಚಾಂಪಿಯನ್ ಏಕೆ ಕಾಣಲಿಲ್ಲ? ಇಂದು ಗ್ರ್ಯಾಂಡ್‌ಮಾಸ್ಟರ್‌ಗಳ ಯಾವ ಆಟವನ್ನು ತೆರೆದರೂ ಈ ಪ್ರಶ್ನೆ ಏಳುತ್ತದೆ. ವಿಶ್ವ ಚಾಂಪಿಯನ್ನರನ್ನೂ ಸೋಲಿಸಬಲ್ಲ ಸ್ಟಾಕ್‌ಫಿಶ್‌ನಂಥ ಎಂಜಿನ್ ಎಲ್ಲರ ಮೊಬೈಲಿನಲ್ಲಿ ಉಚಿತವಾಗಿ ಸಿಗುತ್ತದೆ. ದೊಡ್ಡವರ ಆಟಗಳಲ್ಲಿ ತಪ್ಪು ತೆಗೆಯುವುದು ಈಗ ಯಾರಿಗೂ ಕಷ್ಟವಲ್ಲ. ಆದರೆ ಹಾಗೆ ಸಿಕ್ಕ ತಪ್ಪುಗಳೆಲ್ಲ ಒಂದೇ ಜಾತಿಯವಲ್ಲ. ಕೆಲವು ಆಟಗಾರನ ಕೈಯಲ್ಲಿದ್ದು ತಪ್ಪಿಹೋದ ನಡೆಗಳು, ಕೆಲವು ಯಾವ ಮನುಷ್ಯನ ಕೈಗೂ ಎಟುಕದ ನಡೆಗಳು. ಈ ಎರಡನ್ನು ಬೇರೆ ಮಾಡುವಲ್ಲಿಂದಲೇ ನಿಜವಾದ ವಿಶ್ಲೇಷಣೆ ಶುರುವಾಗುತ್ತದೆ ಎಂಬುದು ನನ್ನ ನಂಬಿಕೆ. ನಿನ್ನೆಯವರೆಗೆ ಎಟುಕದೆ ಇದ್ದದ್ದನ್ನು ನಾಳೆಯ ಆಟಗಾರನಿಗೆ ಎಟುಕುವಂತೆ ಮಾಡಿದಾಗ ಆ ಕೆಲಸ ಸಾರ್ಥಕವಾಗುತ್ತದೆ.

ಮೊದಲು ಎಂಜಿನ್ ಮಾಡುವುದೇನು ಎಂದು ನೋಡೋಣ. ಅದರ ಕೆಲಸದಲ್ಲಿ ಎರಡು ಭಾಗ. ಒಂದು ಹುಡುಕಾಟ: ನಾನು ಹೀಗೆ ನಡೆದರೆ ಅವನು ಏನು ನಡೆಯಬಹುದು, ಅದಕ್ಕೆ ನನ್ನ ಉತ್ತರವೇನು ಎಂದು ಕವಲು ಕವಲಾಗಿ ಮುಂದಕ್ಕೆ ಹೋಗುವುದು. ಇನ್ನೊಂದು ಬೆಲೆ ಕಟ್ಟುವುದು: ಒಂದು ಕವಲಿನ ತುದಿ ಮುಟ್ಟಿದಾಗ ಅಲ್ಲಿನ ಸ್ಥಿತಿ ಯಾರಿಗೆ ಎಷ್ಟು ಅನುಕೂಲ ಎಂದು ಅಂಕಿಯಲ್ಲಿ ಹೇಳುವುದು. ಕವಲುಗಳನ್ನೆಲ್ಲ ಕೊನೆಯವರೆಗೆ ನೋಡಿ ಮುಗಿಸುವುದು ಯಾವ ಯಂತ್ರದಿಂದಲೂ ಆಗದು. ಗಣಿತಜ್ಞ ಕ್ಲಾಡ್ ಶಾನನ್ 1950ರ ಪ್ರಬಂಧದಲ್ಲಿ ಕೊಟ್ಟ ಅಂದಾಜಿನ ಪ್ರಕಾರ ಚೆಸ್ ಆಟ ಸಾಗಬಹುದಾದ ದಾರಿಗಳ ಸಂಖ್ಯೆ ಒಂದರ ಮುಂದೆ 120 ಸೊನ್ನೆ ಬರೆದಷ್ಟು. ಆದ್ದರಿಂದ ಕೆಲಸಕ್ಕೆ ಬಾರದ ಕವಲುಗಳನ್ನು ಬೇಗ ಗುರುತಿಸಿ ಕತ್ತರಿಸಿಹಾಕುವುದರಲ್ಲೇ ಎಂಜಿನ್ನಿನ ಜಾಣ್ಮೆ ಇರುವುದು. 1997ರಲ್ಲಿ ಆಗಿನ ವಿಶ್ವ ಚಾಂಪಿಯನ್ ಗ್ಯಾರಿ ಕ್ಯಾಸ್ಪರೋವ್ ಅವರನ್ನು ಸೋಲಿಸಿದ ಐಬಿಎಂ ಕಂಪನಿಯ ಡೀಪ್ ಬ್ಲೂ ಸೆಕೆಂಡಿಗೆ ಸುಮಾರು 20 ಕೋಟಿ ಸ್ಥಿತಿಗಳನ್ನು ಪರಿಶೀಲಿಸುತ್ತಿತ್ತು. ಇಂದಿನ ಎಂಜಿನ್‌ಗಳು ಅದಕ್ಕಿಂತ ಬಹಳ ಕಡಿಮೆ ಸ್ಥಿತಿಗಳನ್ನು ನೋಡಿಯೂ ಅದಕ್ಕಿಂತ ಬಹಳ ಚೆನ್ನಾಗಿ ಆಡುತ್ತವೆ. ಯಾವುದನ್ನು ನೋಡಬೇಕು ಎಂಬುದು ಅವುಗಳಿಗೆ ಚೆನ್ನಾಗಿ ಗೊತ್ತು.

ಪರದೆಯ ಮೇಲೆ ಕಾಣುವ ಅಂಕಿಯ ಅರ್ಥವೂ ತಿಳಿದಿರಬೇಕು. ಪ್ಲಸ್ ಒಂದು ಎಂದರೆ ಬಿಳಿಗೆ ಹೆಚ್ಚುಕಡಿಮೆ ಒಂದು ಕಾಲಾಳಿನಷ್ಟು ಮೇಲುಗೈ, ಮೈನಸ್ ಎಂದರೆ ಕಪ್ಪಿಗೆ. ಹಳೆಯ ಎಂಜಿನ್‌ಗಳಲ್ಲಿ ಈ ಬೆಲೆ ಕಟ್ಟುವ ಸೂತ್ರಗಳನ್ನು ಮನುಷ್ಯರೇ ಬರೆದಿದ್ದರು: ಕುದುರೆಗೆ ಇಷ್ಟು, ಆನೆಗೆ ಇಷ್ಟು, ರಾಜನ ಮುಂದಿನ ಕಾಲಾಳುಗಳು ಚದುರಿದ್ದರೆ ಇಷ್ಟು ಕಳೆಯಬೇಕು ಎಂಬಂತೆ. 2020ರಲ್ಲಿ ಬಂದ ಸ್ಟಾಕ್‌ಫಿಶ್ 12ರಿಂದ ಆ ಜಾಗಕ್ಕೆ ನರಜಾಲ ಬಂತು. ಅಸಂಖ್ಯ ಸ್ಥಿತಿಗಳಿಂದ ತಾನೇ ಕಲಿತ ಲೆಕ್ಕ ಅದು. ಆಟ ಇನ್ನಷ್ಟು ಬಲವಾಯಿತು, ಕಾರಣ ಮಾತ್ರ ಇನ್ನಷ್ಟು ಒಳಗೆ ಹೂತುಹೋಯಿತು. ಈ ನಡೆ ಮೇಲು, ಆ ನಡೆ ಕೀಳು ಎಂದು ಎಂಜಿನ್ ಹೇಳುತ್ತದೆ. ಏಕೆ ಎಂದು ಕೇಳಿದರೆ ಅದು ಕೊಡುವ ಉತ್ತರ ಇನ್ನೊಂದಷ್ಟು ನಡೆಗಳ ಪಟ್ಟಿ. ಕಾರಣವನ್ನು ನಾವೇ ಹುಡುಕಿಕೊಳ್ಳಬೇಕು.

ಈಗ ಸೋಚಿಯ ಆ ನಡೆಗೆ ಬರೋಣ. ಅದು ಕೈತಪ್ಪಿದ ನಡೆ ಎಂಬುದರಲ್ಲಿ ಅನುಮಾನವಿಲ್ಲ. ನಾಲ್ಕೇ ನಡೆಗಳ ಲೆಕ್ಕ, ಅದರಲ್ಲೂ ಎರಡು ಚೆಕ್. ಇದೇ ಸ್ಥಿತಿಯನ್ನು ಪುಸ್ತಕದಲ್ಲಿ ಅಚ್ಚು ಹಾಕಿ, ಕಪ್ಪು ನಡೆದು ಲಾಭ ಮಾಡಿಕೊಳ್ಳಬೇಕು ಎಂದು ಕೆಳಗೆ ಬರೆದಿದ್ದರೆ ಕ್ಲಬ್ ಮಟ್ಟದ ಒಳ್ಳೆಯ ಆಟಗಾರ ಕೂಡ ಬಿಡಿಸುತ್ತಿದ್ದ. ಆದರೆ ಆನಂದ್ ಮುಂದೆ ಅಂಥ ಬರಹವಿರಲಿಲ್ಲ. ಅವರು ಬಹಳ ಹೊತ್ತಿನಿಂದ ಇಕ್ಕಟ್ಟಿನ ಸ್ಥಿತಿಯನ್ನು ಕಾಪಾಡಿಕೊಳ್ಳುತ್ತಿದ್ದರು, ಮನಸ್ಸೆಲ್ಲ ರಕ್ಷಣೆಯ ಮೇಲಿತ್ತು. ಉಡುಗೊರೆ ಬರುತ್ತದೆಂದು ಎಣಿಸದಿದ್ದಾಗ ಕೆಲವೊಮ್ಮೆ ಅದನ್ನು ಎತ್ತಿಕೊಳ್ಳುವುದೇ ಇಲ್ಲ ಎಂಬರ್ಥದ ಮಾತನ್ನು ಆಟದ ಬಳಿಕ ಅವರೇ ಆಡಿದರು. ಕಲಿಯಬೇಕಾದ ಪಾಠ ಆ ಮಾತಿನಲ್ಲಿದೆ: ಎದುರಾಳಿ ಎಷ್ಟೇ ದೊಡ್ಡವನಾಗಿರಲಿ, ಅವನ ಪ್ರತಿ ನಡೆಯ ಬಳಿಕ ಒಮ್ಮೆಯಾದರೂ ನಮ್ಮ ಎಲ್ಲ ಚೆಕ್‌ಗಳನ್ನೂ ಹೊಡೆತಗಳನ್ನೂ ಎಣಿಸಬೇಕು. ಎಂಜಿನ್ ಕೊಟ್ಟದ್ದು ನಡೆಯನ್ನು ಮಾತ್ರ. ಪಾಠ ಸಿಕ್ಕಿದ್ದು ಆಟಗಾರನ ಮನಸ್ಸಿನ ಕಡೆ ನೋಡಿದ್ದರಿಂದ.

ನಾಲ್ಕು ವರ್ಷಗಳ ಬಳಿಕ, 2018ರ ನವೆಂಬರಿನಲ್ಲಿ, ಲಂಡನ್ನಿನಲ್ಲಿ ಇದಕ್ಕೆ ತೀರ ವಿರುದ್ಧವಾದ ಉದಾಹರಣೆ ಕಂಡಿತು. ಕಾರ್ಲ್‌ಸನ್ ಎದುರು ಅಮೆರಿಕದ ಫ್ಯಾಬಿಯಾನೊ ಕರುವಾನ. ಅಲ್ಲಿಯೂ ವಿಶ್ವ ಚಾಂಪಿಯನ್‌ಷಿಪ್‌ನ ಆರನೇ ಆಟ. ಅಂತ್ಯಭಾಗದಲ್ಲಿ ಕಪ್ಪು ಕಾಯಿಗಳ ಕರುವಾನ ಒಂದು ಕಾಯಿ ಮುಂದಿದ್ದರು, ಕಾರ್ಲ್‌ಸನ್ ಕಾಲಾಳುಗಳ ಬಲದಿಂದ ತಡೆದು ನಿಂತಿದ್ದರು. 68ನೇ ನಡೆಗೆ ಬಂದಾಗ ಕಪ್ಪಿಗೆ ಗೆಲುವಿದೆ, ಹತ್ತಾರು ನಡೆಗಳಾಚೆ ಚೆಕ್‌ಮೇಟ್ ಇದೆ ಎಂದು ಸೆಸ್ಸೆ ಎಂಬ ಶಕ್ತಿಶಾಲಿ ಕಂಪ್ಯೂಟರ್ ತೋರಿಸಿತು. ಮೊದಲು ಒಂಟೆಯನ್ನು ಎಚ್4ಕ್ಕೆ ಒಯ್ಯಬೇಕು. ಮುಂದೆ ಕುದುರೆಯನ್ನು ಜಿ1ರಲ್ಲಿ, ಅಂದರೆ ಅದು ಹೊರಬರಲಾಗದಂಥ ಮೂಲೆಯಲ್ಲಿ, ತಾನಾಗಿಯೇ ಕೊಂಡುಹೋಗಿ ಕೂರಿಸಬೇಕು. ಕುದುರೆ ಸಿಕ್ಕಿಬಿದ್ದಂತೆ ಕಂಡರೂ, ಬಿಳಿಗೆ ಹಾನಿಯಿಲ್ಲದ ನಡೆ ಒಂದೂ ಉಳಿಯದ ಸ್ಥಿತಿ ಕೊನೆಗೆ ಬಂದೇ ಬರುತ್ತದೆ. ಕರುವಾನ ಆ ದಾರಿ ಹಿಡಿಯಲಿಲ್ಲ, 80 ನಡೆಗಳಲ್ಲಿ ಆಟ ಡ್ರಾ ಆಯಿತು. ಅವರೇನಾದರೂ ಆ ಕುದುರೆ ನಡೆಯನ್ನು ಆಡಿದ್ದರೆ ಕೂಡಲೇ ಲೋಹಶೋಧಕ ತಂದು ಅವರನ್ನು ತಪಾಸಣೆ ಮಾಡುತ್ತಿದ್ದರು ಎಂದು ಕ್ಯಾಸ್ಪರೋವ್ ಪ್ರತಿಕ್ರಿಯಿಸಿದರು. ತನ್ನ ಕುದುರೆಯನ್ನು ತಾನೇ ಹಾಗೆ ಬಂಧಿಸುವ ಯೋಚನೆ ಮನುಷ್ಯನಿಗೆ ಬರುವುದಿಲ್ಲ ಎಂಬುದು ಅವರ ಅಭಿಪ್ರಾಯ.

ಸೋಚಿಯದ್ದನ್ನೂ ಲಂಡನ್ನಿನದ್ದನ್ನೂ ಎಂಜಿನ್ ಒಂದೇ ಕೆಂಪು ಗುರುತಿನಿಂದ ತೋರಿಸುತ್ತದೆ. ಎರಡೂ ಕಡೆ ಗೆಲುವು ಇತ್ತು, ಎರಡೂ ಕಡೆ ಅದು ಹೋಯಿತು. ಹಾಗೆಂದು ಕರುವಾನ ಅವರದ್ದನ್ನು ಆನಂದ್ ಅವರದ್ದರ ಜೊತೆ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ. ಯಾವುದು ಯಾವ ಗುಂಪಿಗೆ ಸೇರುತ್ತದೆ ಎಂದು ತಿಳಿಯಲು ಮೂರು ಪ್ರಶ್ನೆಗಳು ಸಾಕು. ಆ ನಡೆ ಒಳ್ಳೆಯದು ಎಂದು ಸಾಬೀತಾಗಲು ಎಷ್ಟು ನಡೆ ಮುಂದೆ ಲೆಕ್ಕ ಹಾಕಬೇಕು? ದಾರಿಯಲ್ಲಿ ಬರುವ ಪ್ರತಿ ನಡೆಗೂ ಚೆಕ್, ಹೊಡೆತ, ಬೆದರಿಕೆಯಂಥ ಗುರುತು ಇದೆಯೋ, ಇಲ್ಲವೇ ನಡುವೆ ಎಲ್ಲೋ ಕಾರಣವೇ ಕಾಣದ ಮೌನ ನಡೆಯೊಂದು ಅಡಗಿದೆಯೋ? ಅದನ್ನು ಆಡುವವನಿಗೆ ಗಡಿಯಾರದಲ್ಲಿ ಎಷ್ಟು ಹೊತ್ತು ಉಳಿದಿತ್ತು? ಇವಕ್ಕೆ ಉತ್ತರ ಬರೆದುಕೊಳ್ಳದೆ ಗ್ರ್ಯಾಂಡ್‌ಮಾಸ್ಟರ್ ತಪ್ಪು ಮಾಡಿದರು ಎಂದು ಹೇಳುವುದು ಅರ್ಧ ಸತ್ಯ.

ಎಂಜಿನ್ನಿನ ತೀರ್ಪು ಆಟಗಾರನ ವಿರುದ್ಧವೇ ಇರಬೇಕೆಂದಿಲ್ಲ, ಹಳೆಯ ಆರೋಪಗಳನ್ನು ಅದು ಹಗುರ ಮಾಡುವುದೂ ಉಂಟು. 1972ರಲ್ಲಿ ಐಸ್‌ಲ್ಯಾಂಡಿನ ರೇಕ್ಯಾವಿಕ್‌ನಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನ ಮೊದಲ ಆಟವನ್ನೇ ನೋಡಿ. ಬೋರಿಸ್ ಸ್ಪಾಸ್ಕಿ ಎದುರು ಬಾಬಿ ಫಿಶರ್ 29ನೇ ನಡೆಯಲ್ಲಿ ಒಂಟೆಯನ್ನು ಕಳಿಸಿ ಎಚ್2ರ ಕಾಲಾಳನ್ನು ತಿಂದರು. ಸ್ಪಾಸ್ಕಿ ಜಿ ಕಾಲಾಳನ್ನು ಒಂದು ಮನೆ ಮುಂದೆ ತಳ್ಳಿದೊಡನೆ ಒಂಟೆ ಒಳಗೇ ಬಂದಿಯಾಯಿತು. ಕಲಿಯುವ ಹುಡುಗರೂ ಮಾಡದ ತಪ್ಪು ಎಂದು ಜಗತ್ತೆಲ್ಲ ಮಾತಾಡಿತು, ಫಿಶರ್ ಸೋತದ್ದು ಆ ಒಂದು ನಡೆಯಿಂದ ಎಂಬುದು ಜನಜನಿತವಾಯಿತು. ಎಂಜಿನ್ ನೆರವಿನದ್ದೂ ಸೇರಿ ಆಮೇಲೆ ನಡೆದ ವಿಶ್ಲೇಷಣೆಗಳು ಹೇಳುವುದು ಬೇರೆ. ಒಂಟೆಗೆ ಪ್ರತಿಯಾಗಿ ಫಿಶರ್‌ಗೆ ಎರಡು ಕಾಲಾಳು ಸಿಕ್ಕಿದ್ದವು, ಡ್ರಾ ಮಾಡಿಕೊಳ್ಳುವ ದಾರಿ ಆಗಲೂ ಉಳಿದಿತ್ತು. ಆಟ ನಿಜವಾಗಿ ಕೈಬಿಟ್ಟದ್ದು ಹತ್ತು ನಡೆಗಳ ಬಳಿಕ, 40ನೇ ನಡೆಯ ಆಸುಪಾಸಿನಲ್ಲಿ. ಎಲ್ಲರ ಕಣ್ಣಿಗೆ ಬಿದ್ದ ನಡೆಯೇ ಸೋಲಿನ ನಡೆಯಾಗಿರಬೇಕಿಲ್ಲ ಎಂಬುದನ್ನು ಇದರಷ್ಟು ಚೆನ್ನಾಗಿ ತೋರಿಸುವ ಆಟ ಇನ್ನೊಂದಿಲ್ಲ.

ಹೆಸರಾಂತ ಗೆಲುವುಗಳನ್ನೂ ಎಂಜಿನ್ ಹೀಗೆಯೇ ಒರೆಗೆ ಹಚ್ಚುತ್ತದೆ. 1999ರ ಜನವರಿಯಲ್ಲಿ ನೆದರ್ಲೆಂಡ್ಸಿನ ವೈಕ್ ಆನ್ ಜೀಯಲ್ಲಿ ಕ್ಯಾಸ್ಪರೋವ್ ಬಲ್ಗೇರಿಯಾದ ವೆಸೆಲಿನ್ ಟೊಪಲೊವ್ ಅವರನ್ನು ಸೋಲಿಸಿದ ಆಟ ಚೆಸ್ ಚರಿತ್ರೆಯ ಅತಿ ಸುಂದರ ಆಟಗಳಲ್ಲಿ ಒಂದು. 24ನೇ ನಡೆಯಲ್ಲಿ ಆನೆಯನ್ನು ಬಲಿಕೊಟ್ಟು, ಮರುನಡೆಯಲ್ಲೇ ಇನ್ನೊಂದು ಆನೆಯನ್ನೂ ಮುಂದೊಡ್ಡಿ, ಕಪ್ಪು ರಾಜನನ್ನು ಅದರ ನೆಲೆಯಿಂದ ಎಬ್ಬಿಸಿ ಬಿಳಿಯ ಮೊದಲನೇ ಸಾಲಿನವರೆಗೆ ಎಳೆದುತಂದ ಆಟ ಅದು. ವಿಶ್ಲೇಷಣೆ ಎರಡು ಸಂಗತಿ ಹೇಳಿತು. ಟೊಪಲೊವ್ ಮೊದಲ ಆನೆಯನ್ನು ತಿನ್ನದೆ ರಾಜನನ್ನು ಬಿ6ಕ್ಕೆ ಸರಿಸಿದ್ದರೆ ಆಟ ಉಳಿಯುತ್ತಿತ್ತು. ಬಲಿಯನ್ನು ಸ್ವೀಕರಿಸಿದ ಮೇಲೂ ಕ್ಯಾಸ್ಪರೋವ್ ಆಡಿದ್ದಕ್ಕಿಂತ ಬೇಗ ಗೆಲ್ಲುವ ದಾರಿಯೊಂದಿತ್ತು, ಅದನ್ನು ಗ್ರ್ಯಾಂಡ್‌ಮಾಸ್ಟರ್ ಲುಬೊಮಿರ್ ಕವಾಲೆಕ್ ತೋರಿಸಿಕೊಟ್ಟರು. ಇದರಿಂದ ಆಟದ ಚೆಲುವು ಕಡಿಮೆಯಾಯಿತೇ? ನನಗೆ ಹಾಗೆ ಅನ್ನಿಸುವುದಿಲ್ಲ. ಗಡಿಯಾರ ಓಡುತ್ತಿರುವಾಗ, ಕೊನೆ ಕಾಣದ ಒಂದು ಲೆಕ್ಕವನ್ನು ನಂಬಿ ಆನೆಯನ್ನು ಬಿಟ್ಟುಕೊಟ್ಟ ಧೈರ್ಯ ಅಲ್ಲಿದೆ. ಬಲಿಯನ್ನು ನಿರಾಕರಿಸುವ ಉತ್ತರವೂ ಇತ್ತು ಎಂದು ತಿಳಿದಾಗ ಆ ಧೈರ್ಯ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ.

ಮನುಷ್ಯನೇ ಮುಂದಿದ್ದು ಎಂಜಿನ್ ಹಿಂದೆ ಬಿದ್ದ ಪ್ರಸಂಗಗಳೂ ಇವೆ. 1998ರಲ್ಲಿ ಸ್ಪೇನಿನ ಲಿನಾರೆಸ್‌ನಲ್ಲಿ ಇದೇ ಟೊಪಲೊವ್ ಎದುರು ಅಲೆಕ್ಸಿ ಶಿರೊವ್ ಆಡಿದ 47ನೇ ನಡೆ ಅಂಥದ್ದು. ಇಬ್ಬರ ಬಳಿಯೂ ಒಂದೊಂದು ಒಂಟೆ, ಬೇರೆ ಬೇರೆ ಬಣ್ಣದ ಮನೆಗಳಲ್ಲಿ ಓಡಾಡುವಂಥವು. ಇಂಥ ಅಂತ್ಯ ಸಾಮಾನ್ಯವಾಗಿ ಡ್ರಾ. ಶಿರೊವ್ ತಮ್ಮ ಒಂಟೆಯನ್ನು ಎಚ್3ಕ್ಕೆ ಒಯ್ದು ಬಿಳಿ ಕಾಲಾಳಿನ ಬಾಯಿಗೆ ಒಪ್ಪಿಸಿದರು. ಅವರಿಗೆ ಬೇಕಿದ್ದದ್ದು ಒಂದೇ, ತಮ್ಮ ರಾಜ ಬಿಳಿ ರಾಜನಿಗಿಂತ ಮೊದಲು ಇ4 ಮನೆ ಸೇರಬೇಕು. ಒಂಟೆಯನ್ನು ಕೊಟ್ಟು ಆ ಒಂದು ಹೆಜ್ಜೆಯ ಸಮಯವನ್ನು ಪಡೆದುಕೊಂಡರು, ಕಾಲಾಳುಗಳು ಗೆಲುವು ತಂದವು. ಆ ಕಾಲದ ಎಂಜಿನ್‌ಗಳಿಗೆ ಈ ನಡೆ ಸಿಗುತ್ತಿರಲಿಲ್ಲ, ಲಾಭ ಬರುವ ಜಾಗ ಅವು ನೋಡಬಲ್ಲ ದೂರದಾಚೆ ಇತ್ತು. ಇಂದಿನ ಎಂಜಿನ್‌ಗಳು ಅದನ್ನು ಕಾಣುತ್ತವೆ. ಇಷ್ಟು ಬಲವಾದ ಎಂಜಿನ್‌ಗಳೂ ಕೋಟೆ ಕಟ್ಟಿದ ಸ್ಥಿತಿಗಳಲ್ಲಿ ಎಡವುವುದುಂಟು. ಒಂದು ಕಡೆ ಕಾಯಿಗಳು ಹೆಚ್ಚಿವೆ, ಆದರೆ ಒಳಗೆ ನುಗ್ಗಲು ದಾರಿಯಿಲ್ಲ. ಎಂಜಿನ್ ದೊಡ್ಡ ಮೇಲುಗೈ ಎಂದು ತೋರಿಸುತ್ತಲೇ ಇರುತ್ತದೆ, ಅನುಭವಿ ಆಟಗಾರ ನೋಡಿದೊಡನೆ ಡ್ರಾ ಎನ್ನುತ್ತಾನೆ. ಎಷ್ಟು ನಡೆ ಮುಂದಕ್ಕೆ ಹೋದರೂ ಅಂಕಿ ಏರದೆ ಇಳಿಯದೆ ನಿಂತಿದ್ದರೆ ಆ ಅಂಕಿಯನ್ನು ಅನುಮಾನಿಸಬೇಕು.

ಅನುಮಾನಕ್ಕೆ ಎಡೆಯೇ ಇಲ್ಲದ ಜಾಗ ಒಂದಿದೆ, ಅದು ಟೇಬಲ್‌ಬೇಸ್. ಹಲಗೆಯ ಮೇಲೆ ಕೆಲವೇ ಕಾಯಿಗಳು ಉಳಿದಾಗ ಆಗಬಹುದಾದ ಎಲ್ಲ ಸ್ಥಿತಿಗಳನ್ನೂ ಚೆಕ್‌ಮೇಟ್‌ನಿಂದ ಹಿಂದಕ್ಕೆ ಲೆಕ್ಕ ಹಾಕಿ ಇಟ್ಟ ಭಂಡಾರ ಅದು. ಅದರಲ್ಲಿ ಅಂದಾಜು ಇಲ್ಲ, ಗೆಲುವು, ಸೋಲು, ಡ್ರಾ ಎಂಬ ಖಚಿತ ಉತ್ತರವಿದೆ. ಒಂದು ಕುದುರೆಯ ಎದುರು ಎರಡು ಒಂಟೆಗಳಿರುವ ಅಂತ್ಯದಲ್ಲಿ ಕುದುರೆಯವನು ಸರಿಯಾದ ಕೋಟೆ ಕಟ್ಟಿದರೆ ಡ್ರಾ ಎಂದು ಚೆಸ್ ಲೇಖಕರಾದ ಕ್ಲಿಂಗ್ ಮತ್ತು ಹಾರ್ವಿಟ್ಸ್ 1851ರಲ್ಲಿ ಬರೆದಿದ್ದರು. ನೂರಮೂವತ್ತು ವರ್ಷ ಅದೇ ಶಾಸ್ತ್ರವಾಗಿತ್ತು. ಯುನಿಕ್ಸ್ ನಿರ್ಮಾತೃಗಳಲ್ಲಿ ಒಬ್ಬರಾದ ಕೆನ್ ಥಾಂಪ್ಸನ್ 1980ರ ದಶಕದಲ್ಲಿ ಕಂಪ್ಯೂಟರಿನಿಂದ ಲೆಕ್ಕ ಹಾಕಿಸಿದಾಗ ಆ ಕೋಟೆ ಮುರಿಯುತ್ತದೆ ಎಂದು ತಿಳಿಯಿತು. ಗೆಲ್ಲಲು ಕೆಲವೊಮ್ಮೆ 66 ನಡೆ ಬೇಕು, ಅಷ್ಟೆ. ಹೊಡೆತವಾಗಲಿ ಕಾಲಾಳಿನ ನಡೆಯಾಗಲಿ ಇಲ್ಲದೆ 50 ನಡೆ ಕಳೆದರೆ ಡ್ರಾ ಕೇಳಬಹುದು ಎಂಬ ನಿಯಮಕ್ಕೆ ಅಂತರರಾಷ್ಟ್ರೀಯ ಚೆಸ್ ಫೆಡರೇಷನ್ ಕೆಲವು ಅಂತ್ಯಗಳಲ್ಲಿ ವಿನಾಯಿತಿ ಕೊಟ್ಟು ನೋಡಿತು, ಬಳಿಕ ಹಿಂದೆಗೆದುಕೊಂಡು ಎಲ್ಲಕ್ಕೂ 50 ಎಂದೇ ಉಳಿಸಿತು. 2012ರಲ್ಲಿ ಮಾಸ್ಕೋ ವಿಶ್ವವಿದ್ಯಾಲಯದಲ್ಲಿ ಏಳು ಕಾಯಿಗಳವರೆಗಿನ ಲೊಮೊನೊಸೊವ್ ಟೇಬಲ್‌ಬೇಸ್ ಸಿದ್ಧವಾಯಿತು. ಅದರ ಗಾತ್ರ 140 ಟೆರಾಬೈಟ್, ಅದರಲ್ಲಿರುವ ಅತಿ ದೀರ್ಘ ಗೆಲುವಿಗೆ 500ಕ್ಕೂ ಹೆಚ್ಚು ನಡೆ. ಆ ನಡೆಗಳನ್ನು ಬಿಡಿಸಿ ಹೇಳಬಲ್ಲ ಗ್ರ್ಯಾಂಡ್‌ಮಾಸ್ಟರ್ ಇಲ್ಲ. ಕೈಗೆಟುಕದ ಸತ್ಯಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಡ.

ಎಂಜಿನ್ನಿನಂಥ ಸಾಧನ ಕೈಗೆ ಬಂದ ಮೇಲೆ ಚರಿತ್ರೆಯನ್ನೇ ಮರಳಿ ಓದುವ ಆಸೆ ಹುಟ್ಟಿದ್ದು ಸಹಜ. ಕ್ಯಾಸ್ಪರೋವ್ 2003ರಿಂದ 2006ರವರೆಗೆ ತಮ್ಮ ಹಿಂದಿನ ಚಾಂಪಿಯನ್ನರ ಆಟಗಳನ್ನು ಕಂಪ್ಯೂಟರ್ ನೆರವಿನಿಂದ ಪರಿಶೀಲಿಸಿ ಐದು ಸಂಪುಟ ತಂದರು. ಹಳೆಯ ವ್ಯಾಖ್ಯಾನಕಾರರ ಎಷ್ಟೋ ತೀರ್ಮಾನಗಳು ಅಲ್ಲಿ ಬದಲಾದವು. ಓದುಗರು ಸುಮ್ಮನಿರಲಿಲ್ಲ, ತಮ್ಮ ಎಂಜಿನ್ ಹಚ್ಚಿ ಕ್ಯಾಸ್ಪರೋವ್ ಅವರ ತೀರ್ಮಾನಗಳಲ್ಲೂ ತಿದ್ದುಪಡಿ ಹುಡುಕಿದರು. 2006ರಲ್ಲಿ ಸ್ಲೊವೇನಿಯಾದ ಲುಬ್ಲಿಯಾನಾ ವಿಶ್ವವಿದ್ಯಾಲಯದ ಮಾಟೆಯ್ ಗುಯಿದ್ ಮತ್ತು ಇವಾನ್ ಬ್ರಾಟ್ಕೊ ವಿಶ್ವ ಚಾಂಪಿಯನ್ನರ ಆಟಗಳನ್ನು ಕ್ರಾಫ್ಟಿ ಎಂಬ ಎಂಜಿನ್ನಿಗೆ ಕೊಟ್ಟು, ಯಾರ ನಡೆಗಳು ಎಂಜಿನ್ನಿನ ಆಯ್ಕೆಯಿಂದ ಸರಾಸರಿ ಎಷ್ಟು ದೂರ ಎಂದು ಅಳೆದರು. ಅತಿ ಕಡಿಮೆ ತಪ್ಪು ಮಾಡಿದವರು ಕ್ಯೂಬಾದ ಕಾಪಬ್ಲಾಂಕಾ ಎಂದು ಬಂತು. ಚಾಂಪಿಯನ್ನರಿಗಿಂತ ದುರ್ಬಲವಾದ ಎಂಜಿನ್ ಅವರನ್ನು ಅಳೆಯುವುದು ಹೇಗೆ ಎಂಬ ಆಕ್ಷೇಪ ಬಂದದ್ದೂ ಸರಿಯೇ. ಇನ್ನೊಂದು ಮಾತಿದೆ. ಕಾಪಬ್ಲಾಂಕಾ ಆಟವನ್ನು ತಿಳಿಯಾಗಿಟ್ಟುಕೊಂಡು ಆಡುವವರು. ಇನ್ನೊಬ್ಬ ಚಾಂಪಿಯನ್ ಮಿಖಾಯಿಲ್ ತಾಲ್ ಬೇಕೆಂದೇ ಗೋಜಲು ಮಾಡುವವರು, ಅಲ್ಲಿ ಇಬ್ಬರೂ ತಪ್ಪುತ್ತಾರೆ, ಎದುರಾಳಿ ಹೆಚ್ಚು ತಪ್ಪುತ್ತಾನೆ. ಸುಲಭ ಸ್ಥಿತಿಯಲ್ಲಿ ತಪ್ಪದಿರುವುದೂ ಕಷ್ಟದ ಸ್ಥಿತಿಯಲ್ಲಿ ತಪ್ಪುವುದೂ ಒಂದೇ ಅಳತೆಗೋಲಿಗೆ ಸಿಗುವುದಿಲ್ಲ. ಆ ಸಂಶೋಧಕರೂ ಸ್ಥಿತಿಯ ಜಟಿಲತೆಯನ್ನು ಲೆಕ್ಕಕ್ಕೆ ತರಲು ಯತ್ನಿಸಿದ್ದು ಇದೇ ಕಾರಣಕ್ಕೆ.

ಹಳೆಯ ಆಟದಲ್ಲಿ ಸುಧಾರಣೆ ಹುಡುಕುವುದು ಚರಿತ್ರೆಯ ಕುತೂಹಲಕ್ಕಷ್ಟೇ ಅಲ್ಲ, ವೃತ್ತಿ ಆಟಗಾರರಿಗೆ ಅದು ದಿನದ ಕೆಲಸ. ಒಂದು ಓಪನಿಂಗ್‌ನಲ್ಲಿ ಯಾರೋ ಆಡಿ ಸೋತ ದಾರಿಯನ್ನು ತೆಗೆದುಕೊಂಡು, ಎಲ್ಲಿ ಬೇರೆ ನಡೆ ಆಡಿದ್ದರೆ ಫಲಿತಾಂಶ ತಿರುಗುತ್ತಿತ್ತು ಎಂದು ತಿಂಗಳುಗಟ್ಟಲೆ ಅಗೆಯುತ್ತಾರೆ. 2013ರ ಜನವರಿಯಲ್ಲಿ ವೈಕ್ ಆನ್ ಜೀಯಲ್ಲಿ ಆನಂದ್ ಲೆವೊನ್ ಅರೋನಿಯನ್ ಅವರನ್ನು ಕಪ್ಪು ಕಾಯಿಗಳಲ್ಲಿ 23 ನಡೆಗಳಲ್ಲಿ ಸೋಲಿಸಿದ ಅದ್ಭುತ ಆಟದ ಹಿಂದೆ ಅಂಥ ಅಗೆತವಿತ್ತು. ಮೂಲ ಕಲ್ಪನೆ 2012ರಲ್ಲಿ ಬೋರಿಸ್ ಗೆಲ್ಫಾಂಡ್ ಎದುರಿನ ವಿಶ್ವ ಚಾಂಪಿಯನ್‌ಷಿಪ್‌ಗೆ ಮಾಡಿದ ತಯಾರಿಯಿಂದ ಬಂದದ್ದು. ಆದರೆ ತಯಾರಿಯ ನಡೆಗಳನ್ನು ಬಾಯಿಪಾಠ ಒಪ್ಪಿಸಿದರೆ ಆ ಆಟ ಗೆಲ್ಲುತ್ತಿರಲಿಲ್ಲ. ಕಾಯಿಗಳನ್ನು ಹೊಡೆತಕ್ಕೆ ಬಿಟ್ಟು 16ನೇ ನಡೆಯಲ್ಲಿ ಕುದುರೆಯನ್ನು ಇ5ಕ್ಕೆ ತಂದದ್ದು, ಬಿಳಿ ರಾಜನ ಕಡೆಗೆ ಒಂಟೆಗಳ ಎರಡು ದಾರಿಗಳು ತೆರೆದಿವೆ ಎಂಬ ತಿಳಿವಳಿಕೆಯಿಂದ. 1907ರಲ್ಲಿ ಲೋಡ್ಜ್‌ನಲ್ಲಿ ರುಬಿನ್‌ಸ್ಟೈನ್ ರೊಟ್ಲೆವಿ ವಿರುದ್ಧ ಆಡಿದ ಆಟದ ಛಾಯೆ ಇದರಲ್ಲಿದೆ ಎಂದು ಬಲ್ಲವರು ಕೂಡಲೇ ಗುರುತಿಸಿದರು. ನೂರು ವರ್ಷದ ಹಳೆಯ ಮಾದರಿ ಮನಸ್ಸಿನಲ್ಲಿತ್ತು, ಎಂಜಿನ್ ಅದಕ್ಕೆ ಹೊಸ ಜಾಗ ತೋರಿಸಿತು.

ಕೈಗೆಟುಕದ್ದು ಎಟುಕುವಂತಾಗುವ ಬಗೆಯನ್ನು ಆಲ್ಫಾಝೀರೊ ಎಲ್ಲಕ್ಕಿಂತ ಚೆನ್ನಾಗಿ ತೋರಿಸಿತು. ಡೀಪ್‌ಮೈಂಡ್ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಈ ವ್ಯವಸ್ಥೆಗೆ ಆಟದ ನಿಯಮಗಳನ್ನು ಬಿಟ್ಟು ಏನನ್ನೂ ಹೇಳಿಕೊಟ್ಟಿರಲಿಲ್ಲ. ತನ್ನೊಂದಿಗೆ ತಾನೇ ಆಡಿ, ನಾಲ್ಕು ಗಂಟೆಯ ಕಲಿಕೆಯಲ್ಲಿ ಆಗಿನ ಸ್ಟಾಕ್‌ಫಿಶ್ ಮಟ್ಟವನ್ನು ದಾಟಿತು. 2018ರ ಕೊನೆಯಲ್ಲಿ ಪ್ರಕಟವಾದ ಸಾವಿರ ಆಟಗಳ ಪಂದ್ಯದಲ್ಲಿ 155 ಗೆದ್ದು 6 ಸೋತಿತ್ತು. ಅದು ಎದುರಾಳಿಯ ರಾಜನ ಮುಂದೆ ತನ್ನ ಎಚ್ ಸಾಲಿನ ಕಾಲಾಳನ್ನು ತೀರ ಬೇಗ ಓಡಿಸುತ್ತಿತ್ತು, ಕಾಲಾಳುಗಳನ್ನು ಕೊಟ್ಟು ಕಾಯಿಗಳ ಓಡಾಟಕ್ಕೆ ಜಾಗ ಕೊಳ್ಳುತ್ತಿತ್ತು. ಗ್ರ್ಯಾಂಡ್‌ಮಾಸ್ಟರ್ ಮ್ಯಾಥ್ಯೂ ಸ್ಯಾಡ್ಲರ್ ಮತ್ತು ನತಾಶಾ ರೀಗನ್ 2019ರ ತಮ್ಮ ಪುಸ್ತಕದಲ್ಲಿ ಆ ಆಟಗಳಿಂದ ಪದೇ ಪದೇ ಬರುವ ಕಲ್ಪನೆಗಳನ್ನು ಆಯ್ದು, ಹೆಸರಿಟ್ಟು, ಕಾರಣ ಸಮೇತ ವಿವರಿಸಿದರು. ಇಂದು ದೊಡ್ಡ ಟೂರ್ನಿಗಳಲ್ಲಿ ಎಚ್ ಕಾಲಾಳು ಮುನ್ನುಗ್ಗಿದರೆ ಯಾರೂ ಬೆರಗಾಗುವುದಿಲ್ಲ. ಬಿಡಿ ನಡೆಯಾಗಿದ್ದಾಗ ವಿಚಿತ್ರವೆನಿಸಿದ್ದು, ಕಾರಣ ಸಿಕ್ಕ ಮೇಲೆ ಎಲ್ಲರ ಸ್ವತ್ತಾಯಿತು.

ಹಾಗಾದರೆ ನಾವು ಒಂದು ಆಟವನ್ನು ಎಂಜಿನ್ ಜೊತೆ ಕುಳಿತು ನೋಡಬೇಕಾದದ್ದು ಹೇಗೆ? ಮೊದಲ ಸುತ್ತಿನಲ್ಲಿ ಎಂಜಿನ್ ಬೇಡ. ಆಟವನ್ನು ಹಲಗೆಯ ಮೇಲೆ ಆಡಿ ನೋಡಿ, ಎಲ್ಲಿ ಆಟ ತಿರುಗಿತು ಅನ್ನಿಸುತ್ತದೋ ಅಲ್ಲಿ ನಿಲ್ಲಿ. ಅಂಥ ಮೂರು ನಾಲ್ಕು ಜಾಗಗಳಲ್ಲಿ ನಿಮ್ಮ ನಡೆ ಯಾವುದು, ಏಕೆ ಎಂದು ಬರೆದುಕೊಳ್ಳಿ. ಇದನ್ನು ಮಾಡದೆ ನೇರ ಎಂಜಿನ್ ಹಚ್ಚಿದರೆ ಉತ್ತರ ಮೊದಲೇ ಕಣ್ಣಿಗೆ ಬೀಳುತ್ತದೆ, ಆಮೇಲೆ ಎಲ್ಲವೂ ನಮಗೆ ಗೊತ್ತಿತ್ತು ಅನ್ನಿಸಿಬಿಡುತ್ತದೆ. ಎರಡನೇ ಸುತ್ತಿನಲ್ಲಿ ಎಂಜಿನ್ ತೆರೆಯಿರಿ, ಒಂದೇ ನಡೆಯನ್ನಲ್ಲ, ಅದರ ಮೊದಲ ಮೂರು ಆಯ್ಕೆಗಳನ್ನು ತೋರಿಸುವಂತೆ ಮಾಡಿಕೊಳ್ಳಿ. ಮೂರರ ಅಂಕಿಗಳೂ ಹತ್ತಿರ ಹತ್ತಿರ ಇದ್ದರೆ ಗ್ರ್ಯಾಂಡ್‌ಮಾಸ್ಟರ್ ತಮಗೆ ಒಗ್ಗುವ ದಾರಿ ಹಿಡಿದರು ಎಂದಷ್ಟೇ ಅರ್ಥ, ಅಲ್ಲಿ ತಪ್ಪಿಲ್ಲ. ಮೊದಲನೆಯದಕ್ಕೂ ಎರಡನೆಯದಕ್ಕೂ ದೊಡ್ಡ ಅಂತರವಿದ್ದರೆ ಆ ಸ್ಥಿತಿಯಲ್ಲಿ ಒಂದೇ ಒಳ್ಳೆಯ ನಡೆ ಇತ್ತು. ಅಗೆಯಬೇಕಾದ ಜಾಗ ಅದು.

ಅಗೆಯುವಾಗ ಎಂಜಿನ್ನಿನೊಂದಿಗೆ ವಾದ ಮಾಡಬೇಕು. ಅದರ ನಡೆಯನ್ನು ಆಡಿ, ಎದುರಾಳಿಯಾಗಿ ನಿಮಗೆ ತೋಚಿದ ಉತ್ತರ ಕೊಟ್ಟು ನೋಡಿ. ಆ ಉತ್ತರ ಏಕೆ ಕೆಲಸ ಮಾಡಲಿಲ್ಲ ಎಂದು ತಿಳಿದರೆ ಅರ್ಧ ಕಾರಣ ಸಿಕ್ಕಿತು. ಆಮೇಲೆ ಆ ದಾರಿಯಲ್ಲಿ ಮುಂದಕ್ಕೆ ಹತ್ತು ನಡೆ ಹೋಗಿ, ಅಂಕಿ ನೆಲೆ ನಿಂತ ಮೇಲೆ ಒಂದೊಂದೇ ಹೆಜ್ಜೆ ಹಿಂದಕ್ಕೆ ಬನ್ನಿ. ಮುಂದೆ ಕಂಡದ್ದನ್ನು ನೆನಪಿನಲ್ಲಿಟ್ಟುಕೊಂಡ ಎಂಜಿನ್ ಹಿಂದಿನ ಸ್ಥಿತಿಗೆ ಬೇರೆಯೇ ತೀರ್ಪು ಕೊಡುವುದುಂಟು. ಎರಡು ನಿಮಿಷದಲ್ಲಿ ಕೊಟ್ಟ ಉತ್ತರ ಇಪ್ಪತ್ತು ನಿಮಿಷದಲ್ಲಿ ಬದಲಾಗಬಹುದು, ಆದ್ದರಿಂದ ಮುಖ್ಯ ಸ್ಥಿತಿಗಳಲ್ಲಿ ಅದಕ್ಕೆ ಸಮಯ ಕೊಡಿ. ಕಾಯಿಗಳು ಏಳಕ್ಕಿಳಿದರೆ ಟೇಬಲ್‌ಬೇಸ್ ಕೇಳಿ. ಕೊನೆಗೆ ಸಿಕ್ಕ ಸುಧಾರಣೆಯನ್ನು ಅಂಕಿಯೇ ಇಲ್ಲದ ಒಂದು ಕನ್ನಡ ವಾಕ್ಯದಲ್ಲಿ ಬರೆಯಿರಿ: ಕಪ್ಪು ರಾಜನಿಗೆ ಓಡಲು ಮನೆಯಿಲ್ಲದ್ದರಿಂದ ಇಲ್ಲಿ ಆನೆಯನ್ನು ಬಿಡಬಹುದಿತ್ತು ಎನ್ನುವಂತೆ. ಆ ವಾಕ್ಯ ಬರೆಯಲು ಬರಲಿಲ್ಲವೆಂದರೆ ಸುಧಾರಣೆ ಇನ್ನೂ ಎಂಜಿನ್ನಿನದ್ದೇ, ನಮ್ಮದಾಗಿಲ್ಲ.

ಎಂಜಿನ್ನಿನ ಮಾತಿಗೆ ಅತಿಯಾಗಿ ತಲೆಬಾಗುವ ಅಪಾಯಕ್ಕೆ ಕ್ಯಾಸ್ಪರೋವ್ ಅವರಂಥವರೂ ಹೊರತಲ್ಲ. 1997ರಲ್ಲಿ ಡೀಪ್ ಬ್ಲೂ ಎದುರಿನ ಎರಡನೇ ಆಟದಲ್ಲಿ ಅವರು ಸೋಲೊಪ್ಪಿಕೊಂಡು ಎದ್ದರು. ನಿರಂತರ ಚೆಕ್ ಕೊಟ್ಟು ಡ್ರಾ ಮಾಡಿಕೊಳ್ಳುವ ಅವಕಾಶ ಅಲ್ಲಿತ್ತು ಎಂದು ಮರುದಿನ ಅವರ ಸಂಗಡಿಗರೇ ಹೇಳಿದರು. ಅಷ್ಟು ಬಲವಾಗಿ ಆಡಿದ ಯಂತ್ರ ಅಂಥ ಕಿಂಡಿ ಬಿಟ್ಟಿರಲಾರದು ಎಂಬ ಭಾವನೆ ಅವರ ಹುಡುಕಾಟವನ್ನೇ ನಿಲ್ಲಿಸಿತ್ತು. ಇಂದಿನ ನೋಡುಗರಿಗೆ ಇದೇ ಆಗುತ್ತಿದೆ. 2024ರ ಡಿಸೆಂಬರ್ 12ರಂದು ಸಿಂಗಪುರದಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನ 14ನೇ ಆಟದ 55ನೇ ನಡೆಯಲ್ಲಿ ಡಿಂಗ್ ಲಿರೆನ್ ಆನೆಯನ್ನು ಎಫ್2ಕ್ಕೆ ತಂದಾಗ ಪರದೆಯ ಅಂಕಿ ಧಡ್ಡನೆ ಬಿತ್ತು. ಆನೆ, ಒಂಟೆಗಳೆಲ್ಲ ವಿನಿಮಯವಾಗಿ ಬರೀ ರಾಜ ಮತ್ತು ಕಾಲಾಳುಗಳ ಅಂತ್ಯ ಉಳಿಯುತ್ತಿತ್ತು, ಅದು ಸೋಲು. ಎದುರಾಳಿ, 18 ವರ್ಷದ ಡಿ. ಗುಕೇಶ್, ವಿಶ್ವ ಚಾಂಪಿಯನ್ ಆದರು. ಎಷ್ಟೋ ಜನ ಡಿಂಗ್ ಗೆಲುವನ್ನು ಉಡುಗೊರೆ ಕೊಟ್ಟರು ಎಂದಷ್ಟೇ ಹೇಳಿದರು. ಡ್ರಾ ಆಗಬಹುದಾಗಿದ್ದ ಸ್ಥಿತಿಯಲ್ಲಿ ಒಂದು ಕಾಲಾಳಿನ ಸಣ್ಣ ಮೇಲುಗೈಯನ್ನು ಹಿಡಿದುಕೊಂಡು, ಗಂಟೆಗಟ್ಟಲೆ ಎದುರಾಳಿಗೆ ಯೋಚಿಸುವ ಕೆಲಸ ಕೊಡುತ್ತಲೇ ಹೋದ ಗುಕೇಶ್ ಅವರ ಛಲ ಆ ಅಂಕಿಯಲ್ಲಿ ಕಾಣುತ್ತಿರಲಿಲ್ಲ. ಅಂಕಿ ಅಷ್ಟೂ ಹೊತ್ತು ಸಮ ಎಂದೇ ಹೇಳುತ್ತಿತ್ತು.

ಈ ಮಾತನ್ನು ವಿಶೇಷವಾಗಿ ನಮ್ಮ ಊರುಗಳಲ್ಲಿ ಚೆಸ್ ಕಲಿಯುತ್ತಿರುವ ಮಕ್ಕಳ ತಂದೆತಾಯಿಗಳಿಗೆ ಹೇಳಬೇಕು ಅನ್ನಿಸುತ್ತದೆ. ಟೂರ್ನಿ ಮುಗಿದ ಕೂಡಲೇ ಮಗುವಿನ ಆಟವನ್ನು ಮೊಬೈಲಿಗೆ ಹಾಕಿ, ನಿಖರತೆ ಶೇಕಡಾ ಎಷ್ಟು ಬಂತು ಎಂದು ನೋಡಿ ಗದರುವುದು ಈಗ ಸಾಮಾನ್ಯವಾಗಿದೆ. ಆ ಶೇಕಡಾ ಲೆಕ್ಕ ಕೈತಪ್ಪಿದ್ದನ್ನೂ ಕೈಗೆಟುಕದ್ದನ್ನೂ ಒಟ್ಟಿಗೆ ಸೇರಿಸಿ ಕೂಡಿದ್ದು. ಸರಳ ಆಟ ಆಡಿದ ಮಗುವಿಗೆ ಹೆಚ್ಚು, ಧೈರ್ಯದಿಂದ ಗೋಜಲಿಗೆ ಇಳಿದ ಮಗುವಿಗೆ ಕಡಿಮೆ ಬರುತ್ತದೆ. ಶೇಕಡಾವನ್ನು ಬದಿಗಿಟ್ಟು, ಇಲ್ಲಿ ನಿನಗೆ ಏನು ಕಂಡಿತು, ಏಕೆ ಹೀಗೆ ನಡೆದೆ ಎಂದು ಕೇಳಿ. ಉತ್ತರ ಕೇಳಿದ ಮೇಲೆ ಎಂಜಿನ್ ಹಚ್ಚಿ. ಮಗುವಿನ ಕೈಯಳತೆಯಲ್ಲಿದ್ದ ಒಂದೇ ಒಂದು ನಡೆಯನ್ನು ಆಯ್ದು, ಅದರ ಕಾರಣವನ್ನು ಇಬ್ಬರೂ ಕೂತು ಹುಡುಕಿ. ಒಂದು ಆಟಕ್ಕೆ ಒಂದು ಕಾರಣ ಸಿಕ್ಕರೂ ಸಾಕು. ಎಂಜಿನ್ ಜಗತ್ತಿನಲ್ಲಿ ಎಲ್ಲರಿಗೂ ಒಂದೇ, ಅದು ಕೊಡುವ ನಡೆಗಳೂ ಎಲ್ಲರಿಗೂ ಒಂದೇ. ನಾಳೆ ಹಲಗೆಯ ಮುಂದೆ ಒಬ್ಬಂಟಿಯಾಗಿ ಕೂತಾಗ ಆ ಮಗುವಿನ ನೆರವಿಗೆ ಬರುವುದು ತಾನೇ ಹುಡುಕಿ ಅರ್ಥಮಾಡಿಕೊಂಡ ಕಾರಣಗಳು ಮಾತ್ರ.